ಅಂದು ಮಳೆ ಬಂದಿರಲಿಲ್ಲ

ಅಕ್ಕನ ಬಲಗಣ್ಣು ಯಾವಾಗಲೂ ಅರ್ಧ ಮುಚ್ಚಿರುತ್ತಿತ್ತು. ಹುಟ್ಟಿನಿಂದ ಬಂದದ್ದಲ್ಲ. ಸೋಲಾರ್ ಪ್ಯಾನೆಲ್ ತೊಳೆಯುವುದು ಅವರ ಕೆಲಸ. ಗಾಜಿಗೆ ಬಿದ್ದು ವಾಪಸ್ ಕಣ್ಣಿಗೆ ಹೊಡೆಯುವ ಬಿಸಿಲಿಗೆ ವರ್ಷಗಟ್ಟಲೆ ಎದುರು ನಿಂತು ಹಾಗೆ ರೂಢಿಯಾಗಿತ್ತು. ಹೊಸದಾಗಿ ನೋಡಿದವರಿಗೆ ಈಯಮ್ಮ ಕಣ್ಣು ಹೊಡೆಯುತ್ತಿದ್ದಾಳೆ ಅನ್ನಿಸಬೇಕು. ಬೆಂಗಳೂರಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ನಿಜಕ್ಕೂ ಗಾಬರಿಯಾಗಿ ನನ್ನ ಹತ್ತಿರ ಬಂದು ಪಿಸುಗುಟ್ಟಿದ್ದ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ತಲೆಗೆ ಟವೆಲ್, ಕೈಯಲ್ಲಿ ಆಳುದ್ದ ಕೋಲಿನ ಮಾಪು. ಆ ಅರ್ಧ ಕಣ್ಣಿನಿಂದ ನೋಡಿದರೆ ಎದುರಿಗಿದ್ದವರು ತಮ್ಮ ಅಂಗಿಯ ಗುಂಡಿ ಸರಿಯಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಅವರು ಕೂತದ್ದನ್ನು ನಾನು ನೋಡಿದ್ದು ಕಡಿಮೆ. ಮಧ್ಯಾಹ್ನದ ಊಟವನ್ನೂ ಡಬ್ಬಿ ಕೈಯಲ್ಲಿ ಹಿಡಿದು, ಸಾಲುಗಳ ಮಧ್ಯೆ ಓಡಾಡುತ್ತಲೇ ಮುಗಿಸುತ್ತಿದ್ದರು. "ಒಂದ್ಗಳಿಗೆ ಕೂತ್ಕೊಳ್ಳಿ ಅಕ್ಕ" ಅಂದರೆ, "ಕೂತ್ರೆ ಕಾಲು ಕೇಳ್ತವೆ ಕಣಮ್ಮ, ಯಾಕ್ ಕೂತೆ ಅಂತ. ಅವ್ಕೆ ಏನಂತ ಯೇಳ್ಲಿ?" ಅನ್ನುವರು. ನಾನೂ ಕೂರುವ ಜಾತಿಯವಳಲ್ಲ. ಉಗುರು ಕಚ್ಚುತ್ತಾ, ಐದು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಾ, ಇಲ್ಲಿಂದ ಯಾವಾಗ ಹೊರಟೇನು ಎಂದು ಬಸ್ಸಿನ ಟೈಮು ಲೆಕ್ಕ ಹಾಕುತ್ತಾ ಇರುವವಳು. ಅಕ್ಕನ ಚಡಪಡಿಕೆಗೆ ಒಂದು ಕೆಲಸವಿತ್ತು, ನನ್ನದಕ್ಕೆ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ನಾನು ಮಧುಗಿರಿಯವಳು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ಸೇರಿದ್ದೇ ತಡ, ಸೀದಾ ಪಾವಗಡದ ಹತ್ತಿರದ ತಿರುಮಣಿಗೆ ತಂದು ಎಸೆದರು. ಸೋಲಾರ್ ಪಾರ್ಕಿನ ಅಂಚಿಗೆ ಬೇಲಿ ಹಾಕಿದ ಅರ್ಧ ಎಕರೆ. ಅದರಲ್ಲಿ ಮೂರು ಸಾಲು ಪ್ಯಾನೆಲ್, ಒಂದು ತಗಡಿನ ರೂಮು, ಮಳೆ ಅಳೆಯುವ ಒಂದು ಡಬ್ಬ. ಅದೇ ನಮ್ಮ ಟೆಸ್ಟ್ ಯಾರ್ಡ್. ಸಂಶೋಧನೆ ಅಂದರೆ ಬಿಳಿ ಕೋಟು, ಏಸಿ ರೂಮು ಅಂದುಕೊಂಡಿದ್ದ ನನಗೆ ಮೊದಲ ವಾರ ಅಳು ಬರುತ್ತಿತ್ತು. ನಿಜವಾಗಿ ಅತ್ತೂ ಇದ್ದೆ. ಅಕ್ಕ ನೋಡಿಯೂ ನೋಡದವರಂತೆ ಮಾಪು ಹಿಂಡುತ್ತಾ, "ಧೂಳು ಬಿತ್ತಾ ಕಣ್ಣಿಗೆ? ಇಲ್ಲಿ ಎಲ್ರಿಗೂ ಬೀಳ್ತೈತೆ ಬುಡು" ಅಂದಿದ್ದರು.

ಆ ಧೂಳೇ ನಮ್ಮ ಸಂಶೋಧನೆಯ ವಿಷಯ. ಪ್ಯಾನೆಲ್ ಮೇಲೆ ಧೂಳು ಕೂತರೆ ಹುಟ್ಟುವ ಕರೆಂಟು ಕಡಿಮೆ. ತೊಳೆದರೆ ಸರಿಹೋಗುತ್ತದೆ, ಆದರೆ ಪಾವಗಡದಲ್ಲಿ ತೊಳೆಯುವ ನೀರನ್ನು ಎಲ್ಲಿಂದ ತರುತ್ತೀರಿ? ಅದಕ್ಕೇ ನಮ್ಮ ಸಂಸ್ಥೆಯವರು ಗಾಜಿಗೆ ಬಳಿಯುವ ಒಂದು ಲೇಪನ ತಯಾರಿಸಿದ್ದರು. ಬಳಿದರೆ ಧೂಳು ಅಂಟುವುದಿಲ್ಲ ಎಂದು ಅವರ ನಂಬಿಕೆ. ಅದು ನಿಜವೋ ಅಲ್ಲವೋ ನೋಡುವುದು ನನ್ನ ಕೆಲಸ. ಮೊದಲ ಸಾಲನ್ನು ವಾರಕ್ಕೊಮ್ಮೆ ತೊಳೆಯಬೇಕು. ಎರಡನೆಯ ಸಾಲಿಗೆ ಲೇಪನ. ಮೂರನೆಯದಕ್ಕೆ ಏನೂ ಇಲ್ಲ. ಎರಡು ಮತ್ತು ಮೂರನ್ನು ಒಂದು ಇಡೀ ವರ್ಷ ಯಾರೂ ಮುಟ್ಟುವಂತಿಲ್ಲ. ಮಳೆ ಬಂದು ತೊಳೆದರೆ ತೊಳೆಯಲಿ, ಮನುಷ್ಯರ ಕೈ ತಾಗಬಾರದು. ತಾಗಿದರೆ ವರ್ಷದ ಕೆಲಸವೆಲ್ಲ ಮಣ್ಣುಪಾಲು, ಅದರ ಜೊತೆ ನನ್ನ ನೌಕರಿಯೂ.

ಇದನ್ನು ಅಕ್ಕನಿಗೆ ವಿವರಿಸಲು ನಾನು ಒಂದು ಗಂಟೆ ತೆಗೆದುಕೊಂಡೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು. "ಇವ್ಳು ಮಿಂದೋಳು. ಅವ್ಳು ಎಣ್ಣೆ ಹಚ್ಕಂಡೋಳು. ಆಕಡೆಯೋಳು ಮೀಯದೋಳು. ಅಷ್ಟೇ ತಾನೆ?" ಅಷ್ಟೇ. ಅವತ್ತಿನಿಂದ ಸಾಲುಗಳಿಗೆ ಅದೇ ಹೆಸರಾಯಿತು. ಬೆಂಗಳೂರಿಗೆ ಕಳಿಸುವ ವರದಿಯಲ್ಲಿ ಒಮ್ಮೆ 'ಮೀಯದವಳು' ಎಂದೇ ಬರೆದುಬಿಟ್ಟು ಆಮೇಲೆ ನಾಲಿಗೆ ಕಚ್ಚಿಕೊಂಡಿದ್ದೇನೆ.

ಕಾವಲು ಅಂದರೆ ಅಕ್ಕನ ಕಾವಲು. ಧೂಳು ಕೂತ ಗಾಜು ಕಂಡರೆ ಮನುಷ್ಯನ ಬೆರಳು ಸುಮ್ಮನಿರುವುದಿಲ್ಲ, ಏನಾದರೂ ಗೀಚಬೇಕು. ಯಾರ್ಡ್ ನೋಡಲು ಬಂದ ಒಬ್ಬ ದೊಡ್ಡ ಅಧಿಕಾರಿ ಮಾತಾಡುತ್ತಾ ಮಾತಾಡುತ್ತಾ ಮೀಯದವಳ ಮೇಲೆ ತನ್ನ ಇನಿಷಿಯಲ್ ಬರೆಯಲು ಹೊರಟರು. ಅಕ್ಕ ಎಲ್ಲಿದ್ದರೋ, ಓಡಿ ಬಂದು ಅವರ ಮಣಿಕಟ್ಟು ಹಿಡಿದೇಬಿಟ್ಟರು. "ಸಾಮಿ, ಬೆಳ್ಳು ತೆಗೀರಿ. ನಿಮ್ ಹೆಸ್ರು ಬರ್ಕಣಕ್ಕೆ ಊರ್ ತುಂಬಾ ಗ್ವಾಡೆ ಐತೆ." ಅಧಿಕಾರಿ ಕೈ ಹಿಂದಕ್ಕೆ ತೆಗೆದುಕೊಂಡು, ಈಯಮ್ಮನಿಗೆ ಸಂಬಳ ಜಾಸ್ತಿ ಮಾಡಿ ಎಂದು ನಕ್ಕು ಹೋದರು. ಸಂಬಳವೇನೂ ಜಾಸ್ತಿಯಾಗಲಿಲ್ಲ.

ಮಳೆಯ ಅಳತೆಯನ್ನೂ ನಾನು ಅವರಿಗೆ ಕಲಿಸಿದೆ. ದಿನಾ ಬೆಳಗ್ಗೆ ಎಂಟೂವರೆಗೆ ಡಬ್ಬದೊಳಗಿನ ಬಾಟಲಿ ತೆಗೆದು, ಅದರಲ್ಲಿದ್ದ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಗೆರೆ ಕಣ್ಣಿನ ಮಟ್ಟಕ್ಕೆ ಬರುವಂತೆ ಬಗ್ಗಿ ನೋಡಬೇಕು. ನಾನು ನಿಂತಲ್ಲೇ ಕತ್ತು ಚಾಚಿ ನೋಡಿ ಬರೆದುಕೊಳ್ಳುತ್ತಿದ್ದೆ. ಅಕ್ಕ ಹಾಗಲ್ಲ. ಲೋಟವನ್ನು ಕಲ್ಲಿನ ಮೇಲಿಟ್ಟು, ನೆಲಕ್ಕೆ ಮಂಡಿಯೂರಿ, ನೀರು ಅಲ್ಲಾಡುವುದು ನಿಲ್ಲುವ ತನಕ ಕಾಯುವರು. ಒಂದು ಹನಿ ಇದ್ದರೂ ಮುಖ ಅರಳುವುದು. ಅವರ ಶೇಂಗಾ ಹೊಲ ಈಗ ಪಾರ್ಕಿನೊಳಗೆ ಎಲ್ಲೋ ಗುತ್ತಿಗೆಗೆ ಹೋಗಿತ್ತು. ಬೀಜ ಹಾಕುವುದು ಇರಲಿಲ್ಲ, ಕಳೆ ತೆಗೆಯುವುದು ಇರಲಿಲ್ಲ. ಆದರೂ ಮಳೆ ಅಂದರೆ ಆಸೆ. "ಬಂದ್ರೆ ಯಾರ್ದೋ ಒಬ್ರ ಹೊಲಕ್ಕೆ ಆಯ್ತದಲ್ಲಮ್ಮ" ಅನ್ನುವರು.

ವರ್ಷ ತುಂಬಲು ಇನ್ನು ಎರಡೂವರೆ ತಿಂಗಳಿದೆ ಅನ್ನುವಾಗ ದಸರಾ ಬಂತು. ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥರು, ನಾವೆಲ್ಲ ಸರ್ ಅನ್ನುತ್ತಿದ್ದವರು, ಬೆಂಗಳೂರಿನಿಂದ ಫೋನ್ ಮಾಡಿ, "ಹಬ್ಬದ ರಜೆಯಲ್ಲಿ ಯಾರ್ಡಿನಲ್ಲಿ ಯಾರಿರ್ತಾರೆ?" ಎಂದು ಕೇಳಿದರು. "ನಾನೇ ಇರ್ತೀನಿ ಸರ್" ಅಂದೆ. ಅಂದವಳು ಮಾರನೆಯ ದಿನವೇ ಮಧುಗಿರಿ ಬಸ್ಸು ಹತ್ತಿದೆ. ಅಮ್ಮ ಹೋಳಿಗೆ ಮಾಡುತ್ತಾಳೆ, ತಂಗಿ ಬರುತ್ತಾಳೆ, ನಾನು ಮಾತ್ರ ಆ ಗಾಜುಗಳ ಮುಖ ನೋಡಿಕೊಂಡು ಕೂರಬೇಕೇ? ಅಳತೆ ತೆಗೆಯಲು ಅಕ್ಕ ಇದ್ದಾರೆ. ಯಾರಿಗೆ ಗೊತ್ತಾಗುತ್ತದೆ?

ಆಯುಧ ಪೂಜೆಯ ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಅಕ್ಕನ ಫೋನ್ ಬಂತು. "ಮಳೆ ಸೊನ್ನೆ ಕಣಮ್ಮ. ಹಬ್ಬ ಜೋರಾ?" ಮರುದಿನವೂ ಅಷ್ಟೇ. "ಇವತ್ತೂ ಸೊನ್ನೆ."

ಮೂರನೆಯ ದಿನ ವಾಪಸ್ ಬಂದು ನೋಡುತ್ತೇನೆ, ಯಾರ್ಡು ಮದುವೆ ಮನೆಯ ಹಾಗಿದೆ. ಗೇಟಿಗೆ ಮಾವಿನೆಲೆ. ಮೂರೂ ಸಾಲಿನ ಒಂದೊಂದು ಪ್ಯಾನೆಲ್ಲಿನ ಚೌಕಟ್ಟಿಗೂ ವಿಭೂತಿ, ಕುಂಕುಮ, ಸಿಕ್ಕಿಸಿದ ಸೇವಂತಿಗೆ. ಮಳೆ ಡಬ್ಬಕ್ಕೂ ಒಂದು ಬೊಟ್ಟು. ನೋಡಿ ನಗು ಬಂತು. ಗಾಜಿನ ಮೇಲೆ ಧೂಳು ಇದ್ದಂತೆಯೇ ಇತ್ತು. ಒಳಗೆ ಹೋಗಿ ಕಂಪ್ಯೂಟರ್ ತೆರೆದೆ. ಆಯುಧ ಪೂಜೆಯ ದಿನ ಎರಡನೆಯ ಮತ್ತು ಮೂರನೆಯ ಸಾಲಿನ ಕರೆಂಟಿನ ಗೆರೆ ಚಂಗನೆ ಮೇಲಕ್ಕೆ ಹೋಗಿ, ಮೊದಲ ಸಾಲಿನ ಗೆರೆಗೆ ಹತ್ತಿರ ಹತ್ತಿರ ನಿಂತಿತ್ತು. ಮರುದಿನ ದೊಪ್ಪನೆ ಕೆಳಗೆ. ಹೊರಗೆ ಓಡಿದೆ.

"ಅಕ್ಕಾ, ಮೀಯದವಳನ್ನು ಯಾರಾದರೂ ಮುಟ್ಟಿದರಾ?"

ಅವರು ಮುಚ್ಚುಮರೆ ಮಾಡಲಿಲ್ಲ. "ನಾನೇ ಒರೆಸ್ದೆ ಕಣಮ್ಮ. ಇಬ್ರನ್ನೂ. ನೀರು ಸೋಕಿಸ್ನಿಲ್ಲ, ಹಳೇ ಸೀರೆ ತುಂಡಾಗೆ ಒಣಗ್ಲು ಒರೆಸಿದ್ದು. ಆಯುಧ ಪೂಜೆ ದಿನ ದುಡಿಯೋ ವಸ್ತುನ ಕೊಳೆ ಮೈಯಾಗೆ ಕೂರ್ಸಿ ಪೂಜೆ ಮಾಡಕಾಯ್ತದಾ? ವರ್ಸೆಲ್ಲ ನಿಮಗೋಸ್ಕರ ಮಣ್ಣು ಹೊತ್ಕಂಡು ನಿಂತವ್ರೆ ಪಾಪ."

ಅವರು ನನ್ನ ಮುಖ ನೋಡಿ ಸಮಾಧಾನ ಮಾಡುವವರಂತೆ ಹತ್ತಿರ ಬಂದರು. "ನಿನ್ ಲೆಕ್ಕ ಕೆಟ್ಟೋಗ್ಬಾರ್ದು ಅಂತ ಧೂಳೆಲ್ಲ ಎತ್ತಿಟ್ಟಿದ್ದೆ. ಇವಳ್ದು ಒಂದು ದುಪ್ಪಟೀಲಿ, ಅವಳ್ದು ಒಂದು ದುಪ್ಪಟೀಲಿ. ಮಾರ್ನೇ ದಿನ ಹಿಟ್ಟಿನ ಜರಡಿ ತಂದು ಅವರವರ ಧೂಳು ಅವರವರ ಮೇಲೆ ಜರಡಿ ಹಿಡಿದ್ಬುಟ್ಟೆ. ಒಂದು ಚಿಟಿಕೆ ಆಚೀಚೆ ಆಗಿಲ್ಲ, ನೋಡ್ಬೇಕಾದ್ರೆ."

ಇವತ್ತು ಇದನ್ನು ಬರೆಯುವಾಗ ನನಗೆ ನಗು ಬರುತ್ತದೆ. ಅವತ್ತು ಮಾತ್ರ ಬಾಯಿಗೆ ಬಂದಂತೆ ಬೈದೆ. ತಲೆ ಇದೆಯಾ ನಿಮಗೆ ಅಂದೆ. ನನ್ನ ಅನ್ನಕ್ಕೆ ಕಲ್ಲು ಹಾಕಿದಿರಿ ಅಂದೆ. ಗಾಳಿ ಒಂದೊಂದೇ ಕಣ ತಂದು ಕೂರಿಸಿದ್ದನ್ನು ಜರಡಿ ಹಿಡಿದು ವಾಪಸ್ ಇಡಲು ಅದೇನು ರಾಗಿ ಹಿಟ್ಟೇ ಎಂದು ಕೂಗಾಡಿದೆ. ನನ್ನ ವಯಸ್ಸಿನ ಮಕ್ಕಳಿದ್ದ ಹೆಂಗಸು, ಮಾಪು ಹಿಡಿದು ಅಲ್ಲಾಡದೆ ನಿಂತಿದ್ದರು. "ತೆಪ್ಪಾಯ್ತು ತಲ್ಲಿ" ಎಂದು, ತಾಯಿ ಅನ್ನುವುದನ್ನು ತೆಲುಗಿನಲ್ಲಿ ಬೆರೆಸಿ, ಮೆಲ್ಲಗೆ ಅಂದರು. ಮನಸ್ಸಿಗೆ ಪೆಟ್ಟಾದಾಗ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು.

ಸರ್‌ಗೆ ನಿಜ ಹೇಳಬೇಕೆಂದರೆ, ನಾನು ಯಾರ್ಡಿನಲ್ಲಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕು. ಅರ್ಧ ಗಂಟೆ ಆ ತಗಡಿನ ರೂಮಿನಲ್ಲಿ ಅತ್ತಿಂದಿತ್ತ ಓಡಾಡಿದೆ. ಆಮೇಲೆ ದಾಖಲೆ ಪುಸ್ತಕ ತೆಗೆದೆ. ಎರಡು ಸಾಲೂ ಒಟ್ಟಿಗೆ ಮೇಲೆದ್ದಿವೆ. ಹೀಗೆ ಆಗುವುದು ಮಳೆ ಬಂದಾಗ. ಆಯುಧ ಪೂಜೆಯ ದಿನದ ಎದುರು 'ಮಳೆ: ೪ ಮಿಲಿಮೀಟರ್' ಎಂದು ಬರೆದೆ. ಮರುದಿನದ ಎದುರು 'ಜೋರು ಧೂಳುಗಾಳಿ'. ಅಕ್ಷರ ಮುತ್ತಿನಂತೆ ಬಂದಿತ್ತು.

ಅಕ್ಕನಿಗೆ ಓದು ಬರಹ ಅಷ್ಟಕ್ಕಷ್ಟೇ. ಆದರೆ ಅಂಕಿ ಬರುತ್ತಿತ್ತು. ಸಂಜೆ ರೂಮು ಗುಡಿಸಲು ಬಂದವರು ತೆರೆದಿದ್ದ ಪುಸ್ತಕದ ಮೇಲೆ ಬಗ್ಗಿದರು.

"ಇದೇನಮ್ಮ ನಾಕು? ನಾನು ಸೊನ್ನೆ ಅಂತಲ್ವಾ ಯೇಳಿದ್ದು?"

"ಬಿಡಿ ಅಕ್ಕ. ನಿಮ್ಮನ್ನು ಉಳಿಸೋಕೇ ಬರೆದಿದ್ದು." ಇದು ಎಂಥ ಮಾತು ನೋಡಿ. ಉಳಿಸಿಕೊಳ್ಳುತ್ತಿದ್ದದ್ದು ನನ್ನನ್ನು.

"ನನ್ನ ಉಳಿಸ್ಬ್ಯಾಡ. ನಾನ್ ಮಾಡಿದ್ದು ತೆಪ್ಪು, ಅದ್ನ ಬರಿ. ಬಾರದ ಮಳೇನ ಬಂತು ಅಂತ ಮಾತ್ರ ಬರೀಬ್ಯಾಡ ಕಣಮ್ಮ. ಈ ಸೀಮೇಲಿ ಯಾವ್ದಕ್ಕೆ ಸುಳ್ಳೇಳಿದ್ರೂ ಮಳೆ ವಿಷ್ಯಕ್ಕೆ ಯಾರೂ ಯೇಳಕಿಲ್ಲ. ನಮ್ಮಪ್ಪ ಕುಡುಕ, ಅವನೂ ಯೇಳ್ತಿರ್ನಿಲ್ಲ."

ನಾನು ಪುಸ್ತಕ ಮುಚ್ಚಿದೆ.

ಅಲ್ಲಿಂದ ಮುಂದೆ ಅವರು ಆ ಮಾತು ಎತ್ತಲಿಲ್ಲ. ದಿನಾ ಬೆಳಗ್ಗೆ ಲೋಟ ನೋಡಿ ಬಂದು ಅಂಕಿಯನ್ನು ಎರಡು ಸಲ ಹೇಳುವರು. "ಸೊನ್ನೆ. ಸೊನ್ನೆ ಬರಿ." ನನಗೆ ಮೈ ಉರಿಯುತ್ತಿತ್ತು. ಪುಸ್ತಕ ತೆರೆದಾಗಲೆಲ್ಲ ಆ ಪುಟಕ್ಕೆ ಕೈ ಹೋಗುತ್ತಿತ್ತು. ಒಂದು ಗೆರೆ ಎಳೆದರೆ ಮುಗಿಯಿತು, ಇವತ್ತೇ ಎಳೆಯೋಣ, ಬೇಡ, ನಾಳೆ ಎಳೆಯೋಣ. ಹೀಗೆ ಎರಡೂವರೆ ತಿಂಗಳು ಕಳೆದೆ. ಊಟ ಸೇರುತ್ತಿರಲಿಲ್ಲ. ಮಧುಗಿರಿಗೆ ಹೋದರೆ ತಿರುಮಣಿಯ ಚಿಂತೆ, ತಿರುಮಣಿಯಲ್ಲಿದ್ದರೆ ಎಲ್ಲಿಗಾದರೂ ಓಡಿಹೋಗುವ ಚಿಂತೆ. ಏನಾಗಿದೆಯೇ ನಿನಗೆ ಎಂದು ಅಮ್ಮ ಕೇಳಿ ಕೇಳಿ ಸುಸ್ತಾದಳು.

ವರ್ಷ ತುಂಬಿದ ಮೇಲೆ ಸರ್ ಬಂದರು, ಜೊತೆಗೆ ಇಬ್ಬರು ಎಂಜಿನಿಯರುಗಳು. ಮೇಜಿನ ಮೇಲೆ ಗೆರೆಗಳ ಹಾಳೆ ಹರಡಿ ಒಂದೊಂದೇ ತಿಂಗಳು ನೋಡುತ್ತಾ ಬಂದವರು ಆಯುಧ ಪೂಜೆಯ ಹತ್ತಿರ ಬೆರಳಿಟ್ಟು ನಿಂತರು.

"ಇದು ಮಳೆಯಾ? ಪಕ್ಕದ ಪ್ಲಾಂಟಿನವರ ದಾಖಲೆಯಲ್ಲಿ ಅವತ್ತು ಮಳೆ ಇಲ್ಲವಲ್ಲ. ನೀನು ಇಲ್ಲೇ ಇದ್ದೆ ತಾನೆ?"

"ಇದ್ದೆ ಸರ್" ಅಂದೆ.

ಸರ್ ಬಾಗಿಲ ಕಡೆ ತಿರುಗಿದರು. ಅಕ್ಕ ಅಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದರು. "ಏನಮ್ಮ, ಹಬ್ಬದ ದಿನ ಇಲ್ಲಿ ಮಳೆ ಬಂತಾ?"

ಅಕ್ಕ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ನಾನು ನೆಲ ನೋಡಿದೆ.

"ಮಳೆ ಬರ್ನಿಲ್ಲ ಸಾಮಿ. ನಾನೇ ಒರೆಸ್ದೆ. ಪೂಜೆಗೆ ಅಂತ. ಆಮೇಲೆ ಧೂಳು ವಾಪಸ್ ಹಾಕ್ದೆ." ಒಬ್ಬ ಎಂಜಿನಿಯರ್ ಕಿಸಕ್ಕನೆ ನಕ್ಕ. ಸರ್ ನಗಲಿಲ್ಲ.

"ಹಾಗಾದರೆ ಈ ನಾಲ್ಕು ಮಿಲಿಮೀಟರ್?"

"ಅದೂ ನಾನೇ. ಅಮ್ಮಾರು ಅವತ್ತು ಒಳಗೆ ಕೆಲ್ಸದಾಗಿದ್ರು. ನಾನೇ ಲೋಟ ನೋಡಿ ನಾಕು ಅಂತ ಯೇಳ್ಬುಟ್ಟೆ. ನಂಗೆ ಸರ್ಯಾಗಿ ನೋಡಕ್ಕೆ ಬರಕಿಲ್ಲ ಸಾಮಿ."

ಮಂಡಿಯೂರಿ, ನೀರು ಅಲ್ಲಾಡುವುದು ನಿಲ್ಲುವ ತನಕ ಉಸಿರು ಹಿಡಿದು ಕಾಯುತ್ತಿದ್ದ ಹೆಂಗಸು ಹೇಳಿದ ಮಾತು ಇದು. ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಸರ್ ಹಾಳೆಗಳನ್ನು ಮಡಚಿ, "ಈ ವರ್ಷದ್ದು ಹೋಯಿತು. ಮೊದಲಿನಿಂದ ಶುರು ಮಾಡೋಣ. ನಿನ್ನ ತಪ್ಪಲ್ಲ, ಬೇಜಾರು ಮಾಡಿಕೊಳ್ಳಬೇಡ" ಎಂದು ನನಗೇ ಸಮಾಧಾನ ಹೇಳಿ ಕಾರು ಹತ್ತಿದರು.

ಸೋಮವಾರದಿಂದ ಅಕ್ಕ ಬರುವುದು ಬೇಡವೆಂದು ಬೆಂಗಳೂರಿನಿಂದ, ಆಳುಗಳನ್ನು ನೋಡಿಕೊಳ್ಳುವ ಸೂಪರ್‌ವೈಸರಿಗೆ ಹೇಳಿ ಬಂತು. ನನ್ನ ನೌಕರಿ ಇನ್ನೊಂದು ವರ್ಷಕ್ಕೆ ಗಟ್ಟಿಯಾಯಿತು. ಮುಟ್ಟಬೇಡಿ ಅಂದದ್ದನ್ನು ಮುಟ್ಟಿದರು, ಅದಕ್ಕೇ ಹೋಯಿತು, ನಾನೇನು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಆ ಒಂದು ಮಾತನ್ನು ಹಿಡಿದುಕೊಂಡೇ ಬದುಕಿದೆ ಅನ್ನಬೇಕು.

ಎರಡು ತಿಂಗಳಾದ ಮೇಲೆ ಧೈರ್ಯ ಮಾಡಿ ಅವರ ಮನೆಗೆ ಹೋದೆ. ಪಕ್ಕದ ಮನೆಯವರ ಗೋಡೆಗೆ ಸುಣ್ಣ ಹೊಡೆಯುತ್ತಿದ್ದರು. ನನ್ನನ್ನು ಕಂಡವರೇ ಕೈ ತೊಳೆದು, "ಬಾರಮ್ಮ, ಏನಿಂಗೆ ಸೊರಗೋಗಿದೀಯ? ಉಂಡ್ಯಾ?" ಎಂದು ಒಳಗೆ ಕರೆದು ಮುದ್ದೆ, ಹುರುಳಿಸಾರು ಇಟ್ಟರು. ನಾನು ಉಣ್ಣುತ್ತಾ ಅಳುತ್ತಾ ಏನೇನೋ ತೊದಲಿದೆ. ಅವರು ಕಂಬಕ್ಕೆ ಒರಗಿ ನಿಂತೇ ಕೇಳಿಸಿಕೊಂಡರು.

"ನೀನು ಬಾಯಿ ಬುಡ್ತೀಯ ಅಂತ ಕಾದೆ ಕಣಮ್ಮ. ಸಾಮಿ ಕಾರು ಗೇಟು ದಾಟೋಗಂಟ ಕಾದೆ" ಅಂದರು. ಸಿಟ್ಟಿನಿಂದಲ್ಲ. ಬಸ್ಸು ಬರಲಿಲ್ಲ ಅನ್ನುವಷ್ಟು ಸರಳವಾಗಿ.

"ಹೆದರಿಕೆ ಆಯ್ತಕ್ಕ."

"ಗೊತ್ತಾಯ್ತು. ಅದ್ಕೇ ಯೇಳಿದ್ದು. ಮಳೆ ವಿಷ್ಯದಾಗೆ ನನ್ ಬಾಯಿಂದ ಸುಳ್ಳು ಬಂತಲ್ಲ, ಅದೊಂದು ನಂಗೆ ಆಗ್ಬರ್ನಿಲ್ಲ. ಹೋಗ್ಲಿ ಬುಡು. ಈ ವರ್ಸ ನೆಟ್ಟಗೆ ಬರಿ."

ಸರ್‌ಗೆ ಎಲ್ಲ ಹೇಳುತ್ತೇನೆ ಎಂದು ಅವರ ಕೈ ಹಿಡಿದು ಮಾತು ಕೊಟ್ಟು ಬಂದೆ. ಹೇಳಲಿಲ್ಲ. ಎರಡನೆಯ ವರ್ಷ ಪೂರ್ತಿ ಹೇಳಲಿಲ್ಲ. ಆ ವರ್ಷದ ಆಯುಧ ಪೂಜೆಗೆ ನಾನು ಯಾರ್ಡಿನಲ್ಲೇ ಇದ್ದೆ, ಎರಡೂ ಸಾಲಿನ ಮೇಲೆ ಯಾರ ಕೈಯೂ ತಾಗಲಿಲ್ಲ. ಮಳೆಯನ್ನು ನಾನೇ ನೆಲಕ್ಕೆ ಮಂಡಿಯೂರಿ ಅಳೆದೆ. ಲೇಪನ ಪರವಾಗಿಲ್ಲ, ನೀರು ಉಳಿಯುತ್ತದೆ ಎಂದು ತೀರ್ಮಾನವಾಯಿತು. ವರದಿಯಲ್ಲಿ ನನ್ನ ಹೆಸರೂ ಬಂತು. ಅಮ್ಮ ಬೀದಿಯವರಿಗೆಲ್ಲ ತೋರಿಸಿದಳು. ನನಗೆ ಮಾತ್ರ ಎಲ್ಲಿ ನಿಂತರೂ ಕೆಂಡದ ಮೇಲೆ ನಿಂತ ಹಾಗೆ.

ಯಾರ್ಡಿನ ಕೆಲಸ ಮುಗಿಸಿ ನಾನು ಮಧುಗಿರಿಯಲ್ಲಿದ್ದಾಗ, ಅಕ್ಕ ತೀರಿಹೋದ ಸುದ್ದಿ ಯಾರ್ಡಿನ ವಾಚ್‌ಮನ್ ಫೋನಿನಲ್ಲಿ ಹೇಳಿದ. ಬಾವಿಕಟ್ಟೆಯ ಹತ್ತಿರ ನಡೆಯುತ್ತಿದ್ದವರು ಹಾಗೇ ಕುಸಿದರಂತೆ. ಮಣ್ಣಿಗೆ ನಾನು ಹೋಗಲಾಗಲಿಲ್ಲ. ಹನ್ನೊಂದನೆಯ ದಿನದ ತಿಥಿಗೆ ಹೋದೆ. ಪಂಕ್ತಿಯಲ್ಲಿ ಕೂರಿಸಿ ಎಲೆ ಹಾಕಿದರು. ಊಟಕ್ಕೆ ಕೂತವರು ಅಕ್ಕನ ಮಾತುಗಳನ್ನೇ ಎತ್ತಿ ಆಡಿ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಅನ್ನ ಬಡಿಸುತ್ತಾ ಬಂದ ಅವರ ಸೊಸೆ ನನ್ನನ್ನು ಗುರುತು ಹಿಡಿದು, "ನಮ್ಮತ್ತೆಗೆ ಬರದಿದ್ ಕೆಲ್ಸ ಇರ್ನಿಲ್ಲ ಮೇಡಂ. ನಿಮ್ ಮಳೆ ಲೋಟ ಒಂದು ನೋಡಕ್ಕೆ ಬರ್ನಿಲ್ಲ ನೋಡಿ. ಊರಾಗೆ ಎಲ್ರೂ ರೇಗುಸ್ತಿದ್ರು, ನಾಕಕ್ಕೂ ಸೊನ್ನೆಗೂ ವತ್ಯಾಸ ಗೊತ್ತಿಲ್ದೋಳು ಅಂತ" ಅಂದಳು. ಅಕ್ಕಪಕ್ಕದವರು ನಕ್ಕರು.

ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಟ್ಟೆ. "ಬರ್ತಿತ್ತು" ಅಂದೆ. "ಅವರು ಸೊನ್ನೆ ಅಂತಲೇ ಹೇಳಿದ್ದರು. ನಾಲ್ಕು ಅಂತ ಸುಳ್ಳು ಬರೆದವಳು ನಾನು."

ಸೊಸೆ ಸೌಟು ಹಿಡಿದುಕೊಂಡೇ ಕೇಳಿದಳು. "ಅತ್ತೆಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮನೇಲಿ ನಮ್ಗೂ ಯೇಳ್ನಿಲ್ವಲ್ಲ ಪುಣ್ಯಾತ್ಗಿತ್ತಿ" ಎಂದವಳು ನನ್ನ ಎಲೆಗೆ ಅನ್ನ ಬಡಿಸಿ ಮುಂದಕ್ಕೆ ಹೋದಳು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಾವಗಡದಲ್ಲಿ ಮಧುಗಿರಿ ಬಸ್ಸು ಹತ್ತಿದ ಕೂಡಲೇ ಸರ್‌ಗೆ ಬರೆಯಲು ಶುರು ಮಾಡಿದೆ. ಊರಿಗೆ ಹೋಗಿ ಬರೆಯೋಣ ಅಂದುಕೊಂಡರೆ ಮತ್ತೆ ಬರೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಬಸ್ಸಿನ ಕುಲುಕಾಟದಲ್ಲಿ ತಪ್ಪುತಪ್ಪಾಗಿ ಎಲ್ಲವನ್ನೂ ಟೈಪ್ ಮಾಡಿದೆ. ಹಬ್ಬಕ್ಕೆ ಮನೆಗೆ ಹೋಗಿದ್ದದ್ದು, ಅಕ್ಕ ಫೋನಿನಲ್ಲಿ ಹೇಳಿದ ಸೊನ್ನೆ, ನಾನು ಬರೆದ ನಾಲ್ಕು, ಅವರು ನನ್ನ ಮುಖ ನೋಡಿ ಅದನ್ನು ತಮ್ಮ ಮೇಲೆ ಹಾಕಿಕೊಂಡದ್ದು. ಕಳಿಸಿದೆ. ಮಧುಗಿರಿ ಇನ್ನೂ ದೂರವಿರುವಾಗಲೇ ಉತ್ತರ ಬಂತು.

"ಒರೆಸಿದ್ದಕ್ಕೆ ನಾನು ಅವರನ್ನು ತೆಗೆಯಲಿಲ್ಲ. ಆಯುಧ ಪೂಜೆಯ ದಿನ ಯಾರಾದರೂ ಒರೆಸಿಯಾರು ಎಂದು ನಾನೇ ಯೋಚಿಸಬೇಕಿತ್ತು. ಅಳತೆ ನೋಡಲು ಬರುವುದಿಲ್ಲ ಎಂದು ಅವರೇ ಹೇಳಿದರಲ್ಲ, ಅದಕ್ಕೆ ತೆಗೆದೆ."

ಅದನ್ನು ಎಷ್ಟು ಸಲ ಓದಿದೆನೋ. ಕೊನೆಗೆ, ಅವರಷ್ಟು ಸರಿಯಾಗಿ ಮಳೆ ಅಳೆಯುವವರನ್ನು ನಾನು ಕಂಡಿಲ್ಲ ಸರ್ ಎಂದು ಬರೆದೆ.